ಎಡಗಡೆಯ ಫ್ಲೋಟ್

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗನಿಗೆ ಅಪ್ಪ ಮಾಡುವ ಆಶೀರ್ವಾದ.

ಹೇಗಿದ್ದೀಯ? ಬೆನ್ನು ನೋವು ಹೇಗಿದೆ? ಬರಿ ನೆಲದ ಮೇಲೆ ಮಲಗಿದರೆ ನಿನಗೆ ಆಗುವುದಿಲ್ಲವೆಂದು ನಿನ್ನ ಹೆಂಡತಿ ಎರಡು ಕಂಬಳಿ ಕಳಿಸಿದ್ದಳು. ಎರಡೂ ನಿನ್ನ ಕೈ ಸೇರಿದವೋ, ಒಂದು ದಾರಿಯಲ್ಲೇ ಬೇರೆ ಯಾರದೋ ಬೆನ್ನಿನ ಕೆಳಗೆ ಸೇರಿಕೊಂಡಿತೋ ತಿಳಿಸು. ಕೆಮ್ಮು ಇದ್ದರೆ ಅಲ್ಲಿನ ಡಾಕ್ಟರಿಗೆ ಹೇಳು, ನಾಳೆ ಹೇಳಿದರಾಯಿತು ಎಂದು ಕೂರಬೇಡ. ಈ ಪತ್ರವನ್ನು ನಿನಗಿಂತ ಮುಂಚೆ ಜೈಲಿನ ಸಾಹೇಬರೊಬ್ಬರು ಒಡೆದು ಓದುತ್ತಾರಂತೆ. ಓದಲಿ. ಅವರಿಗೂ ನನ್ನ ನಮಸ್ಕಾರ. ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನ ಅಕ್ಷರ, ಇರುವೆ ಸಾಲಿನ ಹಾಗಿರುತ್ತದೆ. ಅವರ ಕಣ್ಣಿಗೆ ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೇಳಿದ್ದೇನೆಂದು ಹೇಳು.

ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ, ಅದಕ್ಕೆ ಬರೆಯುತ್ತಿದ್ದೇನೆ. ನಿನ್ನ ಹೆಂಡತಿ ಲಾಂಡ್ರಿಯಲ್ಲಿ ಈಗ ಎರಡು ಪಾಳಿ ಮಾಡುತ್ತಾಳೆ. ಇಸ್ತ್ರಿಯ ಹಬೆಗೆ ಬೆರಳ ತುದಿಗಳೆಲ್ಲ ಸುಲಿದಿವೆ, ನಾನು ನೋಡಿದರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾಳೆ. ಪುಟ್ಟಿಗೆ ಮುಂದಿನ ಹಲ್ಲು ಎರಡು ಬಿದ್ದಿವೆ. ಅಪ್ಪ ದೂರದ ಊರಿಗೆ ಕೆಲಸಕ್ಕೆ ಹೋಗಿದ್ದಾರೆ ಎಂದು ಅವಳಿಗೆ ಹೇಳಿಟ್ಟಿದ್ದೆವು. ಮೊನ್ನೆ ಹಿತ್ತಲಿನಲ್ಲಿ ನಿಂತಿರುವ ಕಾರನ್ನು ನೋಡಿ, "ಕಾರು ಇಲ್ಲೇ ಇದೆಯಲ್ಲ ತಾತ, ಹಾಗಾದ್ರೆ ಅಪ್ಪ ನಡ್ಕೊಂಡು ಹೋಗಿದಾರಾ? ಅದಕ್ಕೇ ಇಷ್ಟು ಲೇಟು" ಎಂದಳು. ನಿನ್ನ ಮಗಳಲ್ಲವೇ, ಉತ್ತರವನ್ನೂ ತಾನೇ ಕೊಟ್ಟುಕೊಳ್ಳುತ್ತಾಳೆ. ಸೊಸೆ ಮಾತ್ರ ನನ್ನ ಜತೆ ಈ ನಾಲ್ಕು ತಿಂಗಳು ಹೆಚ್ಚು ಮಾತಾಡಿರಲಿಲ್ಲ. ತಟ್ಟೆ ಇಟ್ಟು "ಊಟ ಮಾಡಿ ಮಾವ" ಎಂದರೆ ಅಂದಿನ ಮಾತು ಮುಗಿದಂತೆ. ಅವಳ ತಪ್ಪೇನೂ ಇಲ್ಲ.

ಯಾಕೆಂದು ನಿನಗೂ ಗೊತ್ತು, ನನಗೂ ಗೊತ್ತು. ಗೊತ್ತಿರುವುದನ್ನೇ ಅಪ್ಪ ಯಾಕೆ ಬರೆಯುತ್ತಾನೆ ಎನ್ನಬೇಡ. ಅಂದಿನ ಸಂಗತಿಯನ್ನು ನಾನು ಒಂದು ಸಲವೂ ಪೂರ್ತಿ ಬಾಯಿಬಿಟ್ಟು ಹೇಳಿಲ್ಲ. ಬರೆದಾದರೂ ನೋಡುತ್ತೇನೆ. ಆಸ್ಪತ್ರೆಯ ನರ್ಸುಗಳನ್ನು ಬೆಳಗಿನ ಪಾಳಿಗೆ ಬಿಡುವುದು ನಿನ್ನ ಕೆಲಸ. ಆ ದಿನ ಮಂಜು ಕವಿದಿತ್ತು, ಕಾರಿನಲ್ಲಿ ಒಬ್ಬಳೇ ನರ್ಸ್ ಇದ್ದಳು. ಸೇತುವೆಯ ನಟ್ಟನಡುವೆ ಎಂಜಿನ್ ನಿಂತಿತು. ನೀನು ಮಿಣುಕು ದೀಪ ಹಾಕಿ, ಮುಂದಿನ ಮುಚ್ಚಳ ಎತ್ತಿ ನೋಡುತ್ತಿದ್ದೆ. ಆ ಹುಡುಗಿ ಸುಮ್ಮನೆ ಕೂರಲಾರದೆ ಇಳಿದು, ಹಿಂದಿನಿಂದ ಬರುವ ಗಾಡಿಗಳಿಗೆ ತೋರಿಸಲೆಂದು ಮೊಬೈಲ್ ದೀಪ ಹಿಡಿದು ಇಪ್ಪತ್ತು ಹೆಜ್ಜೆ ಹಿಂದಕ್ಕೆ ನಡೆದಳು. ಹಾಲಿನ ಲಾರಿಯವನಿಗೆ ಅವಳೂ ಕಾಣಲಿಲ್ಲ, ಅವಳ ದೀಪವೂ ಕಾಣಲಿಲ್ಲ. ಅವಳಿಗೆ ಇಪ್ಪತ್ತಾರು ವರ್ಷವಂತೆ. ಪೊಲೀಸರು ನೋಡಿದರೆ ಟ್ಯಾಂಕಿನಲ್ಲಿ ಒಂದು ಹನಿ ಪೆಟ್ರೋಲ್ ಇರಲಿಲ್ಲ. ಖಾಲಿ ಟ್ಯಾಂಕ್ ಇಟ್ಟುಕೊಂಡು ಮಂಜಿನಲ್ಲಿ ಸೇತುವೆ ಹತ್ತಿದವನು ಎಂದು ಲಾರಿಯವನ ಹೆಸರಿನ ಪಕ್ಕದಲ್ಲಿ ನಿನ್ನ ಹೆಸರನ್ನೂ ಬರೆದರು. ನೀನು ಹೇಳಿದ್ದು ಒಂದೇ ಮಾತು: "ಪೆಟ್ರೋಲ್ ಮುಳ್ಳು ಅರ್ಧದಲ್ಲಿತ್ತು ಸರ್." ಎಷ್ಟು ಸಲ ಕೇಳಿದರೂ ಅದೇ.

ಆಮೇಲೆ ನನ್ನನ್ನು ಠಾಣೆಗೆ ಕರೆಸಿದರು. ಹೇಳಿಕೆ ಬರೆದುಕೊಳ್ಳುವವನು ಪೆನ್ನಿನ ಮುಚ್ಚಳ ಕಚ್ಚಿಕೊಂಡು, "ನಿಮ್ಮ ಮಗ ಹೇಗೆ? ಗಾಡಿ ವಿಷಯದಲ್ಲಿ ಜವಾಬ್ದಾರಿ ಇದೆಯಾ?" ಎಂದ. ನಾನು ಸುಮ್ಮನಿರಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. "ಅವನು ಚಿಕ್ಕಂದಿನಿಂದ್ಲೂ ಹಾಗೇ ಸರ್. ಎಲ್ಲಾನೂ ನಾಳೆಗೆ ಹಾಕ್ತಾನೆ" ಎಂದೆ. ಅವನು ಅದನ್ನು ಅಕ್ಷರ ಬಿಡದೆ ಬರೆದುಕೊಂಡು ಕಾಗದ ತಿರುಗಿಸಿದ, ನಾನು ರುಜು ಹಾಕಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎದುರಿನ ಬೆಂಚಿನಲ್ಲಿ ಕೂತಿದ್ದ ನೀನು ತಲೆ ಎತ್ತಿ ನನ್ನನ್ನು ನೋಡಿದೆ. ಸಿಕ್ಕಿಬಿದ್ದವನ ನೋಟ ಅದು ಎಂದು ನಾನು ತಿಳಿದೆ. ನನಗೆ ಸುಳ್ಳು ಹೇಳುವ ಮನಸ್ಸಿರಲಿಲ್ಲ ಮಗನೇ, ನಿಜವನ್ನೇ ಹೇಳುತ್ತಿದ್ದೇನೆಂದು ನಂಬಿದ್ದೆ. ನೀನು ಕರೆಂಟ್ ಬಿಲ್ಲನ್ನು ನಾಳೆಗೆ ಹಾಕುವವನು, ಕ್ಷೌರವನ್ನು ನಾಳೆಗೆ ಹಾಕುವವನು, ಮದುವೆಯ ದಿನ ಕೂಡ ಒಂದು ಗಂಟೆ ತಡವಾಗಿ ಎದ್ದವನು. ಪೆಟ್ರೋಲನ್ನೂ ಹಾಗೇ ಮಾಡಿರುತ್ತಾನೆ ಎಂದು ನನ್ನ ಲೆಕ್ಕ. ನಿನ್ನ ಅಮ್ಮ ಇದ್ದಿದ್ದರೆ ಅಲ್ಲೇ ನನ್ನ ಬಾಯಿ ಮುಚ್ಚಿಸುತ್ತಿದ್ದಳು. "ಊರಿಗೆ ಉಪಕಾರಿ, ಮನೆಗೆ ಮಾರಿ. ಊರ ಗಡಿಯಾರಕ್ಕೆಲ್ಲ ಕಿವಿ ಕೊಡ್ತೀರಿ, ಇದ್ದೊಬ್ಬ ಮಗನ ಮಾತಿಗೆ ಕಿವಿ ಇಲ್ಲ" ಎನ್ನುತ್ತಿದ್ದಳಲ್ಲ, ಆಗ ನನಗೆ ನಗು ಬರುತ್ತಿತ್ತು.

ಕಾರನ್ನು ಠಾಣೆಯವರು ಬಾಂಡ್ ಬರೆಸಿಕೊಂಡು ಹತ್ತು ದಿನದ ಹಿಂದೆ ನಮಗೆ ಬಿಟ್ಟುಕೊಟ್ಟರು. ಎಳೆದು ತಂದು ಹಿತ್ತಲಿನಲ್ಲಿ ನಿಲ್ಲಿಸಿ ಹೋದರು. ಮೈಮೇಲೆ ಒಂದು ಗೀರಿಲ್ಲ, ಅದನ್ನು ನೋಡಿದರೇ ಹೊಟ್ಟೆ ಉರಿಯುತ್ತದೆ. ನಾನು ಅದರ ಕಡೆ ಮುಖ ಹಾಕಿರಲಿಲ್ಲ. ನಿನ್ನೆ ಶನಿವಾರ ಬೆಳಿಗ್ಗೆ ಸೊಸೆ ಕೆಲಸಕ್ಕೆ, ಪುಟ್ಟಿ ಶಾಲೆಗೆ ಹೋದ ಮೇಲೆ, ಚರಂಡಿ ತೆಗೆಯುವವರು ಬಂದು ಗಾಡಿ ಸ್ವಲ್ಪ ಸರಿಸಿ ಎಂದರು. ಸ್ಟೇರಿಂಗ್ ಬಿಡಿಸಲು ಚಾವಿ ಬೇಕು. ಚಾವಿ ಹೇಗೂ ಕೈಗೆ ಬಂತು, ಕಾರಿಗೆ ಇನ್ನೂ ಜೀವವಿದೆಯೋ ಇಲ್ಲವೋ ನೋಡೋಣವೆಂದು, ಗಾಡಿ ಸರಿಸಿ ಅವರನ್ನು ಕಳಿಸಿದ ಮೇಲೆ ಬೇರೆ ಬ್ಯಾಟರಿಯೊಂದನ್ನು ತಂದು ಜೋಡಿಸಿದೆ. ಸೇತುವೆಯ ಮೇಲೆ ಮಿಣುಕು ದೀಪ ಉರಿದೂ ಉರಿದೂ ನಿನ್ನ ಬ್ಯಾಟರಿ ಅಂದೇ ಸತ್ತಿತ್ತು. ಹಾಗಾಗಿ ಪೊಲೀಸರು ಬ್ರೇಕ್ ಒತ್ತಿ ನೋಡಿದರು, ಟಯರ್ ನೋಡಿದರು, ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿದರು, ಚಾವಿಯನ್ನು ಮಾತ್ರ ಯಾರೂ ತಿರುಗಿಸಿರಲಿಲ್ಲ. ನಾನು ತಿರುಗಿಸಿದೆ. ಪೆಟ್ರೋಲ್ ಮುಳ್ಳು ಮೆಲ್ಲಗೆ ಎದ್ದು ಬಂದು ಅರ್ಧದಲ್ಲಿ ನಿಂತಿತು. ಟ್ಯಾಂಕ್ ಒಣಗಿ ನಾಲ್ಕು ತಿಂಗಳಾಗಿದೆ, ಮುಳ್ಳು ಅರ್ಧ ತೋರಿಸುತ್ತಿದೆ. ಬೆರಳಲ್ಲಿ ಗಾಜು ತಟ್ಟಿದೆ. ಚಾವಿ ಆರಿಸಿ ಮತ್ತೆ ಹಾಕಿದೆ. ಮತ್ತೆ ಅರ್ಧ.

ಆಮೇಲೆ ನಿಲ್ಲಲಾಗಲಿಲ್ಲ. ಹಿಂದಿನ ಬೀದಿಯ ಮೆಕ್ಯಾನಿಕ್ ಬಳಿ ಓಡಿದೆ. ಅವನು ಯಾವುದೋ ಬಸ್ಸಿನ ಕೆಳಗಿದ್ದ, ಅಲ್ಲಿಂದಲೇ "ಹಿಂದಿನ ಸೀಟ್ ಎತ್ತಿ ನೋಡಿ ತಾತ, ಎರಡು ಮುಚ್ಚಳ ಇರುತ್ತೆ. ಬ್ಯಾಟರಿ ತಂತಿ ಮೊದ್ಲು ಕಳಚಿ, ಬೀಡಿ ಗೀಡಿ ಹಚ್ಚಬೇಡಿ" ಎಂದ. ಅವನ ಕಾಲುಗಳಿಗೇ ನಮಸ್ಕಾರ ಹೇಳಿ ಬಂದೆ. ನಿನ್ನ ಕಾರಿನ ಟ್ಯಾಂಕಿಗೆ ಎರಡು ಹೊಟ್ಟೆ ಎಂದು ನನಗೆ ಗೊತ್ತಿರಲಿಲ್ಲ. ನಡುವೆ ಹಿಂದಿನ ಚಕ್ರಕ್ಕೆ ಹೋಗುವ ದಂಡ ಹಾಯಬೇಕಾದ್ದರಿಂದ ಟ್ಯಾಂಕನ್ನು ಕುದುರೆಯ ಬೆನ್ನಿನ ಜೋಡಿಚೀಲದ ಹಾಗೆ ಎರಡು ಕಡೆಗೂ ಇಳಿಬಿಟ್ಟಿದ್ದಾರೆ. ಒಂದೊಂದು ಹೊಟ್ಟೆಯೊಳಗೂ ಒಂದೊಂದು ಫ್ಲೋಟ್. ತಂತಿಯ ತೋಳು, ತೋಳಿನ ತುದಿಗೆ ತೇಲುವ ಬುರುಡೆ. ಪೆಟ್ರೋಲ್ ಏರಿದರೆ ಬುರುಡೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಎರಡೂ ಹೇಳಿದ್ದನ್ನು ಕೂಡಿಸಿ ಮುಂದಿರುವ ಮುಳ್ಳು ತೋರಿಸುತ್ತದೆ. ಗಡಿಯಾರಕ್ಕಿಂತ ಸುಲಭದ ಯಂತ್ರ, ನಾಚಿಕೆಯಾಗುವಷ್ಟು ಸುಲಭ. ಬಾಗಿಲು ನಾಲ್ಕೂ ತೆರೆದಿಟ್ಟೆ. ಸೀಟು ಎತ್ತಿದಾಗ ಪುಟ್ಟಿಯ ಒಂದು ಕಾಲುಚೀಲ, ಎರಡು ಪೆನ್ಸಿಲ್ ಸಿಕ್ಕವು. ಮುಚ್ಚಳದ ಸುತ್ತಿನ ಬಳೆಯನ್ನು ತಿರುಗಿಸಿ ಬಿಚ್ಚಬೇಕು. ಕಬ್ಬಿಣದಿಂದ ಹೊಡೆದರೆ ಕಿಡಿ ಹಾರೀತೆಂದು ಮರದ ಹಿಡಿಯನ್ನು ಆನಿಸಿ ಸುತ್ತಲೂ ಮೆಲ್ಲಗೆ ತಟ್ಟಿದೆ. ಅದು ಎಲ್ಲಿಂದ ಎಲ್ಲಿಗೆ ಕೂರಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡೆ.

ಬಲಗಡೆಯದು ಸಲೀಸಾಗಿ ಬಂತು. ತೋಳು ಕೆಳಗೆ ಜೋತುಬಿದ್ದಿತ್ತು, ಖಾಲಿ ಟ್ಯಾಂಕಿನಲ್ಲಿ ಹೇಗಿರಬೇಕೋ ಹಾಗೆ. ಎಡಗಡೆಯದನ್ನು ಹೊರಗೆ ತೆಗೆಯಲು ಹೋದರೆ ಬರಲೊಲ್ಲದು. ಓರೆ ಮಾಡಿ, ತಿರುಗಿಸಿ, ಬಾಣಂತಿಯ ಮಗುವನ್ನು ಎತ್ತಿದ ಹಾಗೆ ಎರಡು ಕೈಯಲ್ಲಿ ಎತ್ತಿದೆ. ತೋಳು ಪೂರ್ತಿ ಮೇಲೆ ಹೋಗಿ ಅಲ್ಲೇ ಅಂಟಿಕೊಂಡಿತ್ತು. ಕೀಲಿನ ಸುತ್ತ ಕಪ್ಪು ಅಂಟು, ಅದರ ಕೆಳಗೆ ತುಕ್ಕು, ತೋಳಿನ ಹಿಮ್ಮಡಿ ಸವರುವ, ಮುಳ್ಳಿಗೆ ಲೆಕ್ಕ ಕಳಿಸುವ ಪಟ್ಟಿಯ ಮೇಲೆ ಹಸಿರು ಪಾಚಿ ಕಟ್ಟಿದ ಹಾಗೆ ಕಿಲುಬು. ಬೆರಳಲ್ಲಿ ಒತ್ತಿದರೂ ಅಲುಗಲಿಲ್ಲ. ಒಂದು ಪೂರ್ತಿ, ಒಂದು ಖಾಲಿ, ಎರಡೂ ಸೇರಿ ಅರ್ಧ. ನೀನು ಹೇಳಿದ್ದು ಅಷ್ಟೇ ತಾನೆ. ನಾನು ಆ ಕೊಳಕು ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಹಿತ್ತಲಿನ ಕಲ್ಲಿನ ಮೇಲೆ ಕೂತು ಅತ್ತೆ. ನಿನ್ನ ಅಮ್ಮ ಹೋದಾಗಲೂ ಹಾಗೆ ಅತ್ತಿರಲಿಲ್ಲ. ನನ್ನ ಮಗ ನಿಜ ಹೇಳಿದ್ದ. ನಾಲ್ಕು ತಿಂಗಳಿಂದ, ಯಾರೂ ನಂಬದಿದ್ದರೂ, ಅಪ್ಪನೇ ಎದುರು ಕೂತು ರುಜು ಹಾಕಿದರೂ, ಅದೊಂದೇ ನಿಜ ಹೇಳುತ್ತಿದ್ದ.

ಆಮೇಲಿನ ಕೆಲಸ ನನ್ನದೇ ಕೆಲಸ. ನಮ್ಮ ಕಸುಬಿನ ಪಾಠ ನಿನಗೆ ನೆನಪಿರಬೇಕು, ಅಂಗಡಿಯಲ್ಲಿ ಎಷ್ಟು ಸಲ ಹೇಳಿ ನಿನ್ನ ತಲೆ ತಿಂದಿದ್ದೇನೆ: ಬಿಚ್ಚಿದ ಮೇಲೆ ತೊಳೆಯದೆ ಮುಚ್ಚಬಾರದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತೆ. ಒಂದು ಬಟ್ಟಲು ಪೆಟ್ರೋಲಿನಲ್ಲಿ ನೆನೆಹಾಕಿ, ಮೆತ್ತನೆಯ ಬ್ರಷ್‌ನಿಂದ ಕೀಲನ್ನು ಉಜ್ಜಿದೆ. ಮೊದಲು ಕಪ್ಪು ನೀರು, ಆಮೇಲೆ ಕಂದು, ಮೂರು ಸಲ ಬದಲಿಸಿದ ಮೇಲೆ ತಿಳಿ. ಪಟ್ಟಿಯ ಕಿಲುಬನ್ನು ಪುಟ್ಟಿಯ ಪೆನ್ಸಿಲ್ ರಬ್ಬರಿನಿಂದಲೇ ತೆಗೆದೆ. ಉಪ್ಪುಕಾಗದ ಹಾಕಿದರೆ ಪಟ್ಟಿಯೇ ಸವೆದುಹೋಗುತ್ತದೆ, ಆ ತಪ್ಪನ್ನು ಮೆಕ್ಯಾನಿಕ್‌ಗಳು ಮಾಡುತ್ತಾರೆ, ನಾನು ಮಾಡುವವನಲ್ಲ. ಹಿಮ್ಮಡಿಯನ್ನು ಕೂದಲೆಳೆಯಷ್ಟು ಬಗ್ಗಿಸಿ ಹಿಡಿತ ಸರಿಮಾಡಿದೆ. ಮೀಟರ್ ಹಿಡಿದು ನೋಡಿದರೆ ತೋಳು ಇಳಿದ ಹಾಗೆ ಅಂಕಿ ಒಂದೂ ಎಗರದೆ ಇಳಿಯಿತು. ಬಲಗಡೆಯದನ್ನೂ ತೊಳೆದೆ, ಅದಕ್ಕೆ ಬೇಕಿರಲಿಲ್ಲ, ಆದರೂ ಜೋಡಿಯಲ್ಲವೇ. ಎರಡನ್ನೂ ಗುರುತು ನೋಡಿ ಕೂರಿಸಿ, ಬಳೆ ಬಿಗಿದು, ತಂತಿ ಜೋಡಿಸಿ, ಚಾವಿ ತಿರುಗಿಸಿದರೆ ಮುಳ್ಳು ಅಲುಗದೆ ಸೊನ್ನೆಯಲ್ಲೇ ಮಲಗಿತ್ತು. ನಾನು ಎದ್ದು ಕುಣಿಯುವುದೊಂದು ಬಾಕಿ. ಬಟ್ಟಲು ತೊಳೆದು, ಒರೆಸಿದ ಬಟ್ಟೆ ಒಗೆದು ಹಗ್ಗದ ಮೇಲೆ ಹಾಕಿ, ಸೀಟು ಕೂರಿಸಿ, ಕಾಲುಚೀಲವನ್ನು ಪುಟ್ಟಿಯ ಗೂಡಿನಲ್ಲಿಟ್ಟೆ. ನಿನ್ನ ಕಾರು ಇನ್ನು ಯಾರಿಗೂ ಸುಳ್ಳು ಹೇಳುವುದಿಲ್ಲ.

ಸಂಜೆ ಸೊಸೆ ಬಂದಾಗ ಕೈ ಹಿಡಿದು ಎಳೆದುಕೊಂಡು ಹೋಗಿ ಕಾರಿನಲ್ಲಿ ಕೂರಿಸಿದೆ. ಮುಳ್ಳು ಅರ್ಧದಲ್ಲಿತ್ತು, ಎಡಗಡೆಯದು ಅಂಟಿಕೊಂಡಿತ್ತು, ನಿನ್ನ ಗಂಡ ನಿಜ ಹೇಳಿದ್ದ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ಸ್ಟೇರಿಂಗ್ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತ, "ನಂಗೆ ಅವತ್ತೇ ಗೊತ್ತಿತ್ತು ಮಾವ" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ನೋವಾಯಿತು. ರಾತ್ರಿ ಊಟಕ್ಕೆ ಮೂವರೂ ಒಟ್ಟಿಗೆ ಕೂತೆವು, ನಾಲ್ಕು ತಿಂಗಳಲ್ಲಿ ಮೊದಲ ಸಲ. ಸೊಸೆ ನಿನ್ನ ಕೇಸಿನ ವಕೀಲಮ್ಮನಿಗೆ ಫೋನ್ ಮಾಡಿದಳು, ಅವರು ಎತ್ತಲಿಲ್ಲ, ಬಂದು ಹೋಗಿ ಎಂದು ಮೆಸೇಜ್ ಹಾಕಿದ್ದಾಳೆ.

ನಾಳೆ ನಾನು ಠಾಣೆಗೆ ಹೋಗಿ ನನ್ನ ಹಳೆಯ ಹೇಳಿಕೆ ತಪ್ಪು ಎಂದು ಬರೆದುಕೊಡುತ್ತೇನೆ. ತೆಗೆದುಕೊಳ್ಳದಿದ್ದರೆ ತೆಗೆದುಕೊಳ್ಳುವವರೆಗೂ ಅಲ್ಲೇ ಬೆಂಚಿನ ಮೇಲೆ ಕೂರುತ್ತೇನೆ. ಇದರಿಂದ ಆ ನರ್ಸ್ ಹುಡುಗಿ ಎದ್ದು ಬರುವುದಿಲ್ಲ, ಅದು ನನಗೂ ಗೊತ್ತು. ಅವಳ ತಾಯಿಯನ್ನು ಹೋದ ವಾರ ಬಸ್ ನಿಲ್ದಾಣದಲ್ಲಿ ನೋಡಿದೆ. ಮಗಳ ಚೀಲವನ್ನೇ ಹೆಗಲಿಗೆ ಹಾಕಿಕೊಂಡಿದ್ದರು. ನಾನು ಕಂಬದ ಮರೆಗೆ ಸರಿದೆ. ಆದರೆ ಮಾಡದ ತಪ್ಪಿಗೆ ನೀನು ವರ್ಷಗಟ್ಟಲೆ ಅಲ್ಲಿ ಕೊಳೆಯಬೇಕಾಗಿಲ್ಲ. ನಿನ್ನನ್ನು ನಾನು ನಂಬಲಿಲ್ಲ ಮಗನೇ. ಕ್ಷಮಿಸು ಎಂದು ಕೇಳಲು ಈ ವಯಸ್ಸಿನಲ್ಲಿ ನನಗೆ ನಾಚಿಕೆಯೇನಿಲ್ಲ. ಎದುರಿಗೆ ಸಿಕ್ಕಾಗ ಇನ್ನೊಂದು ಸಲ ಕೇಳುತ್ತೇನೆ, ಆಗ ನೀನು ಏನಾದರೂ ಕುಹಕ ಆಡು, ಸುಮ್ಮನೆ ಮಾತ್ರ ಇರಬೇಡ.

ಹೊಟ್ಟೆ ತುಂಬ ಉಣ್ಣು, ಯಾರ ಜತೆಗೂ ಜಗಳಕ್ಕೆ ಹೋಗಬೇಡ. ಸೊಸೆ ಬೇರೆ ಪತ್ರ ಬರೆಯುತ್ತಾಳಂತೆ, ನನಗೆ ತೋರಿಸುವುದಿಲ್ಲವಂತೆ. ಪುಟ್ಟಿ ಕೆಳಗೆ ಬಿಡಿಸಿರುವುದು ಆನೆಯಲ್ಲ, ಕಾರು. ನೀನು ನೂರು ಕಾಲ ಬಾಳು, ಬೇಗ ಮನೆಗೆ ಬಾ.

ಇಂತು ನಿನ್ನ
ಅಪ್ಪ

ತಾ.ಕ.: ಸೋಮವಾರ ಬೆಳಿಗ್ಗೆ. ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ವಕೀಲಮ್ಮ ಈಗಷ್ಟೇ ಬಂದು ಹೋದರು. ಕಾರನ್ನು ಹೊಸದಾಗಿ ಪರೀಕ್ಷೆ ಮಾಡಿಸಬೇಕೆಂದು ಅವರು ಕೋರ್ಟಿಗೆ ಅರ್ಜಿ ಹಾಕಿದ್ದರಂತೆ, ಸಿಗುತ್ತದೋ ಇಲ್ಲವೋ ಎಂದು ನಮಗೆ ಹೇಳಿರಲಿಲ್ಲ. ಶುಕ್ರವಾರ ಆದೇಶ ಬಂದಿದೆ. ಈ ಗುರುವಾರ ಕೋರ್ಟಿನ ಕಡೆಯ ಎಂಜಿನಿಯರ್ ಬಂದು ಮುಳ್ಳನ್ನೂ ಫ್ಲೋಟನ್ನೂ ನೋಡುತ್ತಾರೆ. ನಾನು ಹೆಮ್ಮೆಯಿಂದ ಚಾವಿ ತಿರುಗಿಸಿ ತೋರಿಸಿದೆ. ಆಕೆ ಸೊನ್ನೆಯಲ್ಲಿದ್ದ ಮುಳ್ಳನ್ನು ನೋಡಿ, "ತೊಳೆದುಬಿಟ್ರಾ?" ಎಂದರು. ಫೋಟೋ ಇದೆಯಾ ಎಂದರು, ಇಲ್ಲ. ಒರೆಸಿದ ಬಟ್ಟೆ ಎಂದರು, ಒಗೆದಿದ್ದೆ. ಜೊತೆಗೆ ಯಾರಾದರೂ ಇದ್ದರಾ ಎಂದರು, ಯಾರೂ ಇರಲಿಲ್ಲ. ಉಪ್ಪುನೀರಿನಲ್ಲಿ ಅದ್ದಿ ಮೊದಲಿದ್ದ ಹಾಗೆ ಮಾಡಿಬಿಡಲೇ ಎಂದು ಕೇಳಿದೆ. ಇನ್ನೊಂದು ಸಲ ಆ ಮಾತು ಆಡಬೇಡಿ ಎಂದು ಬೈದರು. ಮುಳ್ಳು ಸರಿಯಾಗಿದೆ ಎಂದೇ ಗುರುವಾರ ಎಂಜಿನಿಯರ್ ಬರೆದುಕೊಂಡು ಹೋಗುತ್ತಾರೆ. ಬುಧವಾರ ವಕೀಲಮ್ಮ ನಿನ್ನನ್ನು ಕಾಣಲು ಬಂದು, ತಪ್ಪೊಪ್ಪಿಕೊಂಡರೆ ಶಿಕ್ಷೆ ಕಡಿಮೆಯಾಗುತ್ತದೆ, ಏನು ಮಾಡುತ್ತೀ ಎಂದು ಕೇಳುತ್ತಾರೆ. ಒಪ್ಪಬೇಡ. ಹೀಗೆ ಹೇಳುವ ಹಕ್ಕು ನನಗಿಲ್ಲ, ಆದರೂ ಒಪ್ಪಬೇಡ. ನಾನು ಕಟಕಟೆ ಹತ್ತಿ ಹೇಳುತ್ತೇನೆ. ನಿನ್ನ ವಿರುದ್ಧ ರುಜು ಹಾಕಿದವನ ಮಾತನ್ನು ಯಾರು ಕೇಳುತ್ತಾರೋ ಗೊತ್ತಿಲ್ಲ. ಆ ಫ್ಲೋಟ್ ಕೆಟ್ಟಿದ್ದನ್ನು ಕಂಡ ಕಣ್ಣು ಈ ಲೋಕದಲ್ಲಿ ಎರಡೇ, ಎರಡೂ ನನ್ನವು.